ಕಾರಣ ಕೇಳದ ಸೀಟು

ಡೊಂಬಿವಲಿ ಪೂರ್ವ
೧೭ ಜೂನ್ ೨೦೨೫

ಅಶ್ಮಿತಾ,

ಆಶೀರ್ವಾದವನ್ನು ಕೊನೆಯಲ್ಲಿ ಬರೆಯುತ್ತೇನೆ, ಅಷ್ಟರೊಳಗೆ ಸಿಟ್ಟು ಇಳಿದರೆ. ಪಕ್ಕದ ಐರೋಲಿಯಲ್ಲಿರುವ ಮಗಳಿಗೆ ಕಾಗದ ಯಾಕೆ ಎಂದು ಕೇಳಬೇಡ. ನಿನ್ನೆ ವಾಟ್ಸಾಪಿನಲ್ಲಿ ಅಷ್ಟುದ್ದ ಬರೆದು ಕಳಿಸಿದ್ದಕ್ಕೆ ನೀನು ಒಂದು ಹೆಬ್ಬೆರಳು ಎತ್ತಿ ತೋರಿಸಿ ಕೈತೊಳೆದುಕೊಂಡೆ. ಫೋನ್ ಮಾಡಿದರೆ "ಅಮ್ಮಾ, ಮೀಟಿಂಗ್". ಕಾಗದಕ್ಕೆ ಹೆಬ್ಬೆರಳು ಒತ್ತಲು ಬರುವುದಿಲ್ಲ. ಕೂತು ಓದು.

ನಿನ್ನೆ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಎಂದಿನಂತೆ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬಕ್ಕೆ ಹತ್ತಿದೆ. ನಿಂತವಳು ಕೂತವಳನ್ನು "ಕುಠೇ ಉತರ್ಣಾರ್?" ಎಂದು ಕೇಳುವುದು, ಅವಳು ಎಲ್ಲಿ ಇಳಿಯುತ್ತೇನೆಂದು ಹೇಳುವುದು, ಮೊದಲು ಕೇಳಿದವಳಿಗೆ ಆ ಸೀಟು. ಈ ಪದ್ಧತಿ ನಿನಗೆ ಹಾಲುಹಲ್ಲು ಇದ್ದಾಗಲೇ ಗೊತ್ತು. ನಾನು ಕಿಟಕಿಯ ಬಳಿಯ ಹುಡುಗಿಯನ್ನು ಕೇಳಿದೆ. ಅವಳು ಕಿವಿಯಿಂದ ಇಯರ್‌ಫೋನ್ ಕೂಡ ತೆಗೆಯದೆ, "ಠಾಣ್ಯಾಲಾ, ಆಂಟಿ. ಪಣ್ ಸೀಟ್ 'ಜಾಗಾ'ವರ್ ವಿಕ್ಲೀ" ಎಂದಳು. ಠಾಣೆಯಲ್ಲಿ ಇಳಿಯುತ್ತಾಳಂತೆ, ಆದರೆ ಸೀಟನ್ನು 'ಜಾಗಾ' ಎಂಬ ಆ್ಯಪಿನಲ್ಲಿ ಆಗಲೇ ಮಾರಿದ್ದಾಳಂತೆ! ಠಾಣೆ ಬಂದಾಗ ನನ್ನ ಹಿಂದೆ ಹತ್ತಿದ ಒಬ್ಬಳು ಫೋನ್ ಹಿಡಿದುಕೊಂಡು ಬಂದು ಮಹಾರಾಣಿಯಂತೆ ಕೂತಳು.

ಯಾವ ಪುಣ್ಯಾತ್ಮ ಮಾಡಿದ ಆ್ಯಪ್ ಇದು ಎಂದು ನಾನು ಗಟ್ಟಿಯಾಗಿಯೇ ಬೈದೆ. ಪಕ್ಕದವಳು ಪೇಪರ್ ತೋರಿಸಿದಳು. ನಿನ್ನ ಫೋಟೊ. ಡೊಂಬಿವಲಿಯ ಹುಡುಗಿಯ ಹೊಸ ಆಲೋಚನೆ, ಇಡೀ ಡಬ್ಬಕ್ಕೆ ಹೆಮ್ಮೆ! ಮನೆಯಲ್ಲಿ ನೀನು "ಟ್ರಾನ್ಸ್‌ಪೋರ್ಟಿನ ಏನೋ ಒಂದು" ಎಂದಷ್ಟೇ ಹೇಳಿದ್ದೆ.

ಚಿಕ್ಕಂದಿನಲ್ಲಿ ಅಮ್ಮನ ಮಡಿಲಲ್ಲಿ ಕೂತು ಹೋಗುವಾಗ ಈ ಐಡಿಯಾ ಹುಟ್ಟಿತು ಎಂದು ಹೇಳಿದ್ದೀಯಂತೆ. ಮಡಿಲು ನನ್ನದು, ಸರಿ. ಮಡಿಲು ಮಾಡಿಕೊಂಡು ಕೂರಲು ನನಗೆ ಸೀಟು ಬಿಟ್ಟುಕೊಟ್ಟವರು ಯಾರು? ಅರ್ಧ ದಾರಿ ಕೂತವಳು ಎದ್ದು, ನಿಂತವಳನ್ನು ಉಳಿದರ್ಧ ಕೂರಿಸುತ್ತಿದ್ದಳು. ಯಾರೂ ಕೈಚಾಚಿ ಏನೂ ಕೇಳಲಿಲ್ಲ. ಹೆಂಗಸರು ಒಬ್ಬರಿಗೊಬ್ಬರು ಪುಕ್ಕಟೆ ಕೊಡುತ್ತಿದ್ದುದಕ್ಕೆ ನೀನು ಬೆಲೆ ಹಚ್ಚಿದೆ. ಇದಕ್ಕೆ ನಿಮ್ಮಲ್ಲಿ ಇನ್ನೊವೇಶನ್ ಅನ್ನುತ್ತಾರಂತೆ. ನಮ್ಮ ಕಡೆ ಬೇರೆ ಹೆಸರಿದೆ, ಕಾಗದದಲ್ಲಿ ಬರೆಯುವಂಥದ್ದಲ್ಲ.

ನಿನ್ನ ಅಪ್ಪ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಕ್ಯಾಂಟೀನ್ ಕೆಲಸದಿಂದ ಬಂದವರೇ ಪೇಪರು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದಾರೆ. "ಮಗಳ ಫೋಟೊ ಬಂದದ್ದಲ್ವಾ ಮಾರಾಯ್ತಿ, ನಿಂದು ಎಂತ ರಗಳೆ?" ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಅವರನ್ನು ನೋಡಿಯೇ ಇರಬೇಕು.

ಸಿಟ್ಟು ಇಳಿಯಲಿಲ್ಲ. ಆದರೂ ಆಶೀರ್ವಾದ.

ಅಮ್ಮ
ಜಯಲತಾ


ಐರೋಲಿ, ನವಿ ಮುಂಬಯಿ
೨ ಜುಲೈ ೨೦೨೫

ಪ್ರೀತಿಯ ಅಮ್ಮ,

ಕೈಯಲ್ಲಿ ಬರೆದರೆ ನನ್ನ ಒತ್ತಕ್ಷರ ನೋಡಿ ನೀನು ನಗುತ್ತೀ. ಅದಕ್ಕೆ ಫೋನಿಗೆ ಕನ್ನಡದಲ್ಲಿ ಹೇಳಿ, ಅದು ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು ಕಳಿಸುತ್ತಿದ್ದೇನೆ.

ಮೊದಲು ಒಂದು ವಿಷಯ ಕ್ಲಿಯರ್ ಮಾಡುತ್ತೇನೆ. ನಾವು ಸೀಟು ಮಾರುವುದಿಲ್ಲ. ಸೀಟು ರೈಲ್ವೆಯದು. ಯಾರು ಎಲ್ಲಿ ಇಳಿಯುತ್ತಾರೆ ಎಂಬ ಮಾಹಿತಿ ಮಾತ್ರ ನಮ್ಮದು.

ಎರಡನೆಯದು, ಸಂಜನಾ ನೆನಪಿದ್ದಾರಾ? ಕಲ್ಯಾಣದ ನರ್ಸ್. ಹೊಸದಾಗಿ ಆ ಡಬ್ಬಕ್ಕೆ ಬಂದಾಗ ನಿಮ್ಮ ಗುಂಪು ಅವರನ್ನು ಎಷ್ಟು ಕಾಡಿಸಿತು! ಕರ್ಚೀಫ್ ಹಾಕಿ, ಬ್ಯಾಗ್ ಇಟ್ಟು, "ಹೀ ಆಮಚೀ ಜಾಗಾ" ಎಂದು ಎಬ್ಬಿಸುತ್ತಿದ್ದಿರಿ. ನಾನು ಕಾಲೇಜಿಗೆ ನಿನ್ನ ಜೊತೆ ಬರುತ್ತಿದ್ದೆ, ಕಣ್ಣಾರೆ ನೋಡಿದ್ದೇನೆ. ಅವರು ಬಾಗಿಲ ಬಳಿ ನಿಂತು ಅಳುತ್ತಿದ್ದರು. ನೀನು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ನಿಮ್ಮ ಪದ್ಧತಿ ಒಳಗಿನವರಿಗೆ ಪ್ರೀತಿ, ಹೊರಗಿನವರಿಗೆ ದಾದಾಗಿರಿ. ಆ್ಯಪಿಗೆ ಗುಂಪು ಗೊತ್ತಿಲ್ಲ. ಹೊಸಬಳಾದರೂ ಅಷ್ಟೇ, ಹಳಬಳಾದರೂ ಅಷ್ಟೇ. 'ಜಾಗಾ' ಹುಟ್ಟಿದ್ದು ನಿನ್ನ ಮಡಿಲಲ್ಲಿ ಎಂದು ಪೇಪರಿನವರಿಗೆ ಹೇಳಿದೆ, ಅದು ಚೆನ್ನಾಗಿ ಕೇಳಿಸುತ್ತದೆ. ನಿಜವಾಗಿ ಹುಟ್ಟಿದ್ದು ಸಂಜನಾ ಅತ್ತ ದಿನ.

ವಯಸ್ಸಾದವರಿಗೆ, ಬಸುರಿಯರಿಗೆ ಪೂರ್ತಿ ಫ್ರೀ. ಡಾಕ್ಟರ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿದರೆ ಸಾಕು. ಇಷ್ಟೆಲ್ಲ ಯೋಚಿಸಿದ್ದೇವೆ ಅಮ್ಮ. ನನ್ನ ಜೊತೆ ಕಂಪನಿ ಶುರುಮಾಡಿದ ತರುಣ್, ಅದೇ ಬೆಂಗಳೂರಿನವನು, ನಿನ್ನ ಕಾಗದ ಕೇಳಿ ನಕ್ಕು ನಕ್ಕು ಸುಸ್ತಾದ. ನಿನ್ನನ್ನು ಆಫೀಸಿಗೆ ಕರೆಯಬೇಕಂತೆ.

ನಿನ್ನ
ಅಶ್ಮಿತಾ


ಡೊಂಬಿವಲಿ ಪೂರ್ವ
೧೩ ಜುಲೈ ೨೦೨೫

ಅಶ್ಮಿತಾ,

ನನ್ನ ಕಾಗದವನ್ನು ತರುಣನಿಗೆ ಓದಿ ಹೇಳಿದೆಯಾ? ಮನೆಯ ಜಗಳಕ್ಕೆ ಟಿಕೆಟ್ ಇಟ್ಟು ಜನ ಸೇರಿಸುವುದನ್ನು ಎಲ್ಲಿ ಕಲಿತೆ?

ಸಂಜನಾಳ ವಿಷಯ ನಿಜ. ನಾವು ಜಗಳಗಂಟಿಯರು. ಆದರೆ ನೀನು ಕಾಲೇಜು ಮುಗಿಸಿ ಡಬ್ಬ ಬಿಟ್ಟ ಮೇಲೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಒಂದು ದಿನ ಅವಳು ತಿರುಗಿ ಬಿದ್ದಳು. ನನ್ನ ಬ್ಯಾಗನ್ನೇ ಎತ್ತಿ ಆಚೆ ಇಟ್ಟು ಕೂತಳು. ಭರ್ಜರಿ ಜಗಳವಾಯಿತು. ಮರುವಾರ ಅವಳ ಡಬ್ಬಿಯ ಪೋಹೆ ನಾನು ತಿಂದೆ. ಅವಳು ಬಸುರಿಯಾದಾಗ ಅದೇ ಡಬ್ಬದಲ್ಲಿ ಕಿಟಕಿಗೆ ಹೂ ಕಟ್ಟಿ, ಹಸಿರು ಬಳೆ ತೊಡಿಸಿ, ಮರಾಠಿಯವರ ಬಸುರಿಯೂಟ ಡೊಹಾಳೇ ಜೇವಣ ಮಾಡಿದವರು ನಾವೇ. ಜಗಳ ಆಡಿದವಳ ಜೊತೆ ರಾಜಿಯಾಗಬಹುದು. ನಿನ್ನ ಆ್ಯಪಿನ ಜೊತೆ ಜಗಳ ಆಡುವುದು ಹೇಗೆ? ಬಾಯಿ ತೆರೆದರೆ ಅದು "ನಿಮ್ಮ ಅನುಭವಕ್ಕೆ ಎಷ್ಟು ನಕ್ಷತ್ರ?" ಎಂದು ಕೇಳುತ್ತದೆ.

ಇನ್ನು ಸರ್ಟಿಫಿಕೇಟು! ಯಾವ ಗಂಡಸು ಯೋಚಿಸಿದ್ದು ಇದನ್ನು? ಹೆಣ್ಣಿಗೆ ಕೂರಲು ಜಾಗ ಬೇಕಾಗುವುದು ಹೊಟ್ಟೆ ಕಾಣದ ತಿಂಗಳುಗಳಲ್ಲಿ. ಆಗ ಅವಳು ತವರಿಗೂ ಹೇಳಿರುವುದಿಲ್ಲ, ನಿಮ್ಮ ಆ್ಯಪಿಗೆ ಹೇಳಬೇಕೇ? ಡಬ್ಬದಲ್ಲಿ ನಾವು ಮುಖ ನೋಡಿ ಏಳುತ್ತೇವೆ. ಯಾಕೆ ಎಂದು ಕೇಳುವುದಿಲ್ಲ. ಕೇಳಬಾರದು.

ಚೌತಿಗೆ ಬಾ. ಅರಸಿನ ಎಲೆ ಸಿಕ್ಕಿದರೆ ಕಡುಬು ಮಾಡುತ್ತೇನೆ. ಎದುರು ಕೂರಿಸಿ ಬೈದರೆ ನಿನಗೆ ಅರ್ಥವಾದೀತು.

ಅಮ್ಮ


ಐರೋಲಿ
೯ ಸೆಪ್ಟೆಂಬರ್ ೨೦೨೫

ಅಮ್ಮ,

ಚೌತಿಯ ದಿನ ಅಡುಗೆಮನೆಯಲ್ಲಿ ನೀನು ಅರಸಿನ ಎಲೆ ಒರೆಸುತ್ತಾ ಹೇಳಿದ್ದು ನನ್ನ ತಲೆಯಿಂದ ಹೋಗಿಲ್ಲ. ಆ ದಾನೇಶ್ವರಿ ಅಕ್ಕನ ವಿಷಯ. ಗದಗದಿಂದ ಸೊಸೆಯಾಗಿ ಬಂದು, ದಾದರಿನ ಲ್ಯಾಬಿನಲ್ಲಿ ಕೆಲಸ ಮಾಡಿ, ಹಿಂದೆ ಒಂದನ್ನು ಕಳೆದುಕೊಂಡು, ಅದಕ್ಕೆ ಕೆಲಸಕ್ಕೆ ಹೋದದ್ದೇ ಕಾರಣ ಎಂದು ಅತ್ತೆಯ ಬಾಯಿಂದ ಕೇಳಿಸಿಕೊಂಡವರು. ಈಗ ಮೂರನೇ ತಿಂಗಳು, ಅತ್ತೆಗೆ ಇನ್ನೂ ಹೇಳಿಲ್ಲ. ನಿನ್ನ ಹೆಗಲಿಗೆ ಒರಗಿ ನಿನಗೊಬ್ಬಳಿಗೇ ಹೇಳಿದರು. ಆ ದಿನದಿಂದ ನೀನು ದಿನವೂ ಏನೂ ಕೇಳದೆ ಏಳುತ್ತೀ.

ನೀನು ಗೆದ್ದೆ ಅಮ್ಮ. ಸರ್ಟಿಫಿಕೇಟ್ ತೆಗೆದುಹಾಕಿದೆವು. ಈಗ ಆ್ಯಪಿನಲ್ಲಿ "ಕಾರಣ ಬೇಡ" ಎಂಬ ಹೊಸ ಬಟನ್ ಬಂದಿದೆ. ಒತ್ತಿದವಳಿಗೆ ಸೀಟು. ಹಣವಿಲ್ಲ, ಪ್ರಶ್ನೆಯಿಲ್ಲ. ಇಡೀ ಟೀಮಿನ ಎದುರು ನಿಂತು ನಿನ್ನ ಮಾತನ್ನು ನೀನು ಹೇಳಿದ ಹಾಗೆಯೇ ಹೇಳಿದೆ. ತರುಣನ ಕಣ್ಣಲ್ಲಿ ನೀರು ಬಂತು. ನಮ್ಮ ಅತಿ ಒಳ್ಳೆಯ ಐಡಿಯಾ ಎಂಬಿಎ ಮಾಡಿದವರಿಂದ ಬರಲಿಲ್ಲ, ಕಡುಬು ಮಾಡುವವಳಿಂದ ಬಂತು.

ಈಗಲಾದರೂ ಸ್ವಲ್ಪ ಹೆಮ್ಮೆ ಪಡು.

ನಿನ್ನ ಅಶ್ಮಿತಾ


ಡೊಂಬಿವಲಿ ಪೂರ್ವ
೧೪ ಅಕ್ಟೋಬರ್ ೨೦೨೫

ಅಶ್ಮಿತಾ,

ಹೆಮ್ಮೆ ಪಟ್ಟಿದ್ದೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನ ಹೋದ ಕಾಗದವನ್ನು ಎರಡು ಸಲ ಓದಿ, ನಿನ್ನ ಅಪ್ಪ ಮಲಗಿದ್ದಾಗ ಫ್ರಿಜ್ಜಿನ ಮೇಲಿನ ಪೇಪರನ್ನು ನಾನೇ ನೆಟ್ಟಗೆ ಮಾಡಿ ಅಂಟಿಸಿದ್ದೆ.

ನಿನ್ನೆ ಸಂಜೆಯ ಲೋಕಲ್‌ನಲ್ಲಿ ಎಲ್ಲರ ಫೋನಿನಲ್ಲೂ ನಿಮ್ಮ ಕಂಪನಿಯ ವಿಡಿಯೊ. ಬೊಂಬೆಯಂತೆ ಬಿಡಿಸಿದ ಒಬ್ಬಳು ಹುಡುಗಿ, ಹೆಸರು ದೀಪಾ. ಉದ್ದ ಜಡೆ. ಡೊಂಬಿವಲಿಯಿಂದ ದಾದರಿನ ಲ್ಯಾಬಿಗೆ ಹೋಗುತ್ತಾಳೆ. ಮೂರನೇ ತಿಂಗಳು. ಹಿಂದೊಂದು ಹೋಗಿದೆ. ಅತ್ತೆಗೆ ಹೇಳಿಲ್ಲ. ಡಬ್ಬಿಯಿಂದ ಖಡಕ್ ರೊಟ್ಟಿ ಮುರಿದು ಎಲ್ಲರಿಗೂ ಹಂಚುತ್ತಾಳೆ. ಕೊನೆಯಲ್ಲಿ ಅಕ್ಷರ ಬರುತ್ತದೆ, "ನಾವು ಕಾರಣ ಕೇಳುವುದಿಲ್ಲ."

ನಮ್ಮ ಡಬ್ಬದಲ್ಲಿ ಖಡಕ್ ರೊಟ್ಟಿ ಹಂಚುವವಳು ಒಬ್ಬಳೇ. ಎಲ್ಲರೂ ಫೋನ್ ನೋಡಿದರು, ಆಮೇಲೆ ಅವಳನ್ನು ನೋಡಿದರು. ಯಾರೋ ಒಬ್ಬಳು ಪಾಪ, ಖುಷಿಯಿಂದ "ಅಭಿನಂದನ್!" ಎಂದು ಕೂಗಿಯೇಬಿಟ್ಟಳು. ದಾನೇಶ್ವರಿ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮುಂದಿನ ಸ್ಟೇಷನ್ ಅವಳದಲ್ಲ, ಆದರೂ ಇಳಿದುಹೋದಳು. ವಿಡಿಯೊ ಅವಳಿಗಿಂತ ಮೊದಲು ಅವಳ ಮನೆ ಸೇರಿತ್ತು, ನಾದಿನಿಯ ಫೋನಿಗೆ.

ಕಾರಣ ಕೇಳುವುದಿಲ್ಲ ಎಂದು ಸಾರಲು ಅವಳ ಕಾರಣವನ್ನು ಊರಿಗೆಲ್ಲ ಡಂಗುರ ಹೊಡೆದಿರಿ. ಇದನ್ನು ಮಾಡಲು ಎಷ್ಟು ಬುದ್ಧಿವಂತರು ಕೂತಿದ್ದಿರಿ? ಒಬ್ಬರ ನಾಲಿಗೆಯಾದರೂ ತಡವರಿಸಲಿಲ್ಲವೇ?

ಯಾರಿಗೂ ಹೇಳಬೇಡ ಎಂದು ನಾನು ನಿನಗೆ ಹೇಳಿರಲಿಲ್ಲ. ಹೌದು. ಹೊಟ್ಟೆಯ ಮಗಳ ಹತ್ತಿರ ಹಾಗೆ ಹೇಳಿ ಮಾತಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದು ಅವಳ ಮುತ್ತು, ಒಡೆದದ್ದು ನಾವಿಬ್ಬರು.

ಅಮ್ಮ


ಐರೋಲಿ
೧೭ ಅಕ್ಟೋಬರ್ ೨೦೨೫

ಅಮ್ಮ,

ಇದನ್ನು ಕೈಯಲ್ಲೇ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ ಓದಿಕೋ.

ವಿಡಿಯೊ ತೆಗೆಸಿದೆ. ಆದರೆ ಜನ ಅದಾಗಲೇ ಇಳಿಸಿಕೊಂಡು ಹಂಚಿದ್ದಾರೆ, ಅದನ್ನು ನಿಲ್ಲಿಸಲು ನಮ್ಮಿಂದ ಆಗುವುದಿಲ್ಲ. ಹೆಸರು ಬದಲಿಸಿದರೆ ಸಾಕು ಅಂದುಕೊಂಡೆವು. ವಕೀಲರೂ ಸಾಕು ಅಂದರು. ನೀನು ಹೇಳಿದ್ದ ರೊಟ್ಟಿಯನ್ನು ಅದರಲ್ಲಿ ಹಾಕಿದವಳು ನಾನೇ. ಅದಿಲ್ಲದಿದ್ದರೆ ಕಥೆ ಸಪ್ಪೆ ಅನ್ನಿಸಿತ್ತು.

ನಾನು ಕೆಟ್ಟದ್ದು ಮಾಡಲು ಹೊರಟಿರಲಿಲ್ಲ ಅಮ್ಮ. ನಿಜವಾದ ಹೆಂಗಸರ ನಿಜವಾದ ಕಷ್ಟ ಕೇಳಿ, ಅದರಿಂದ ಹೊಸದನ್ನು ಕಟ್ಟಬೇಕು ಎಂದೇ ನಮಗೆ ಕಲಿಸುವುದು. ನಾನು ಅದನ್ನೇ ಮಾಡಿದೆ. ಬಟನ್ ಈಗ ಸಾವಿರಾರು ಹೆಂಗಸರು ಬಳಸುತ್ತಿದ್ದಾರೆ. ಅದು ಸುಳ್ಳಲ್ಲ.

ದಾನೇಶ್ವರಿ ಅಕ್ಕನ ಮನೆಗೆ ಬಂದು ಕ್ಷಮೆ ಕೇಳಲಾ? ಅವರಿಗೆ ಜೀವನಪೂರ್ತಿ 'ಜಾಗಾ' ಫ್ರೀ ಪಾಸ್ ಕೊಡಬಹುದು ಎಂದು ತರುಣ್ ಹೇಳುತ್ತಿದ್ದಾನೆ.

ದೀಪಾವಳಿಗೆ ಬರಲಾ?

ಅಶ್ಮಿತಾ


ಡೊಂಬಿವಲಿ ಪೂರ್ವ
೧೧ ಜನವರಿ ೨೦೨೬

ಅಶ್ಮಿತಾ,

ದೀಪಾವಳಿಗೆ ಬಂದೆ, ಗೋಡಂಬಿ ಬರ್ಫಿ ತಂದೆ, ಮೂವರೂ ಟಿವಿ ನೋಡಿದೆವು. ಆ ದಿನ ನಿನಗೆ ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ದಾನೇಶ್ವರಿಯನ್ನು ಕೆಲಸ ಬಿಡಿಸಿದ್ದಾರೆ. ನಮ್ಮಿಂದ ಮುಚ್ಚಿಟ್ಟದ್ದನ್ನು ರೈಲಿನವರಿಗೆ ಹೇಳಿದವಳು ಇನ್ನೇನು ಮುಚ್ಚಿಟ್ಟಿದ್ದಾಳೋ ಎಂದು ಅತ್ತೆ ಹಟ ಹಿಡಿದರಂತೆ. ಗಂಡ ಬಾಯಿ ಹೊಲಿದುಕೊಂಡ. ಅವಳು ಪರೀಕ್ಷೆ ಬರೆದು, ಇಂಟರ್‌ವ್ಯೂಗೆ ಅಲೆದು ಗಿಟ್ಟಿಸಿದ ಕೆಲಸ ಅದು. ಈಗ ನಿಮ್ಮ ಫ್ರೀ ಪಾಸ್ ಕೊಡಿ. ಮನೆಯಲ್ಲಿ ಕೂರಿಸಿದವಳಿಗೆ ರೈಲಿನಲ್ಲಿ ಪುಕ್ಕಟೆ ಸೀಟು! ಬೆಂಗಳೂರಿನ ಬುದ್ಧಿಗೆ ಅಡ್ಡಬಿದ್ದೆ.

ಅವಳಿಗೆ ಡಬ್ಬದಲ್ಲಿ ಬಳೆ ತೊಡಿಸುವ ಯೋಗ ನಮಗೆ ಇರಲಿಲ್ಲ. ಹೋದ ವಾರ ಮನೆಯಲ್ಲಿ ಅವರ ಕಡೆಯ ಕುಬಸ ಇಟ್ಟುಕೊಂಡಿದ್ದರು, ನಮ್ಮ ಸೀಮಂತದ ಹಾಗೆ. ಕರೆ ಬಂದಿರಲಿಲ್ಲ. ಆದರೂ ಸಂಜನಾಳನ್ನು ಕರೆದುಕೊಂಡು ಹೋದೆ. ಅತ್ತೆ ಬಾಗಿಲಲ್ಲೇ, "ರೈಲಿನ ಮಂದಿ ಬಂದಾರ ನೋಡ್ರಿ, ಫೋನ್ ಒಳಗ ಇಟ್ಕೊಳ್ರಿ ಎಲ್ಲಾರೂ" ಎಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಹೇಳಿದ್ದರಲ್ಲಿ ತಪ್ಪೇನಿದೆ?

ದಾನೇಶ್ವರಿಗೆ ಬಳೆ ತೊಡಿಸುವಾಗ ಅವಳು ಮೆಲ್ಲಗೆ ಹೇಳಿದಳು. "ಅಕ್ಕಾರ, ನಿಮ್ಮ ಮ್ಯಾಲ ಸಿಟ್ಟಿಲ್ರೀ. ಆದ್ರ ನಿಮ್ಮ ಮುಂದ ಮಾತಾಡಾಕ ಈಗ ಅಂಜಿಕಿ ಬರತೈತಿ. ನಾ ಅತ್ತದ್ದೂ ನಾಳೆ ಯಾರದಾರ ಫೋನ್‌ನ್ಯಾಗ ಬಂದೀತು."

ಮೂವತ್ತು ವರ್ಷ ಆ ಡಬ್ಬದಲ್ಲಿ ಹೋಗಿ ಬಂದಿದ್ದೇನೆ. ಕುಡುಕ ಗಂಡಂದಿರ ವಿಷಯ, ಓಡಿಹೋದ ಮಕ್ಕಳ ವಿಷಯ, ಏನೆಲ್ಲ ನನ್ನ ಕಿವಿಗೆ ಬಿದ್ದಿದೆ. ನನ್ನ ಎದುರು ಅಂಜಿಕೆ ಎಂದು ಯಾರೂ ಹೇಳಿರಲಿಲ್ಲ. ನಾನು ಬಳೆ ತೊಡಿಸುತ್ತಾ ಅತ್ತುಬಿಟ್ಟೆ, ಕಂದ. ಅದನ್ನಾದರೂ ಯಾರಿಗೂ ಹೇಳಬೇಡ.

ಅವಳ ಮನೆಗೆ ನೀನು ಹೋಗಬೇಡ. ನಿನ್ನ ಕ್ಷಮೆಯಿಂದ ನಿನಗೆ ಹಗುರವಾಗುತ್ತದೆ, ಅವಳಿಗೆ ಇನ್ನೊಂದು ರಗಳೆ.

ಅಮ್ಮ


ಐರೋಲಿ
೨೦ ಫೆಬ್ರುವರಿ ೨೦೨೬

ಅಮ್ಮ,

ವಾಶಿಯಲ್ಲಿ ಮುಂದಿನ ತಿಂಗಳು ಒಂದು ಸಮಾರಂಭವಿದೆ. "ಕಾರಣ ಬೇಡ" ಬಟನ್ನಿಗೆ ಹೊಸ ಆಲೋಚನೆಯ ಪ್ರಶಸ್ತಿ. ಐಡಿಯಾ ನಿನ್ನದು, ನೀನೇ ವೇದಿಕೆಗೆ ಬಂದು ತೆಗೆದುಕೊಳ್ಳಬೇಕು ಎಂದು ನಾನೇ ಅವರಿಗೆ ಹೇಳಿದ್ದೇನೆ. ಬೈಯುತ್ತೀ ಎಂದು ಗೊತ್ತು. ಬೈಯಲಿಕ್ಕಾದರೂ ಬಾ.

ಇನ್ನೊಂದು ಮಾತು. ಈಗ ನೀನು ಫೋನಿನಲ್ಲಿ "ಊಟ ಆಯ್ತಾ", "ಕರೆಂಟ್ ಇದೆಯಾ" ಇಷ್ಟೇ ಕೇಳುತ್ತೀ. ಮೊದಲು ಡಬ್ಬದ ಕಥೆ ಹೇಳಲು ಶುರುಮಾಡಿದರೆ ನಾನೇ "ಸಾಕಮ್ಮಾ" ಅನ್ನುತ್ತಿದ್ದೆ. ಮೊನ್ನೆ ಅಪ್ಪ ನಿನ್ನ ಕೈಗೆ ಫೋನ್ ಕೊಡುವಾಗ ಅಲ್ಲಿ ನೀನು ಯಾರ ಜೊತೆಯೋ ಜೋರಾಗಿ ನಗುತ್ತಿದ್ದೆ. "ಏನಮ್ಮ?" ಅಂದೆ. "ಏನಿಲ್ಲ" ಅಂದುಬಿಟ್ಟೆ ನೀನು. ನನಗೆ ತುಂಬ ನೋವಾಯಿತು.

ದಾನೇಶ್ವರಿ ಅಕ್ಕನಿಗೆ ದಿನ ಹತ್ತಿರ ಬಂದಿರಬೇಕು. ಗಂಡೋ ಹೆಣ್ಣೋ ಒಂದು ಮೆಸೇಜ್ ಹಾಕು. ಮಗುವಿಗೆ ಏನಾದರೂ ಕಳಿಸಬೇಕು ಎಂದು ಆಸೆ, ನನ್ನ ಹೆಸರು ಹಾಕದೆ.

ನಿನ್ನ
ಅಶ್ಮಿತಾ


ಡೊಂಬಿವಲಿ ಪೂರ್ವ
೨೯ ಮಾರ್ಚ್ ೨೦೨೬

ಅಶ್ಮಿತಾ,

ವಾಶಿಗೆ ನಾನು ಬರಲಿಲ್ಲ, ನಿನ್ನ ಅಪ್ಪ ಬಂದರು. ಶಾಲು ಚೆನ್ನಾಗಿದೆ, ನಿನ್ನ ಭಾಷಣವೂ ಚೆನ್ನಾಗಿತ್ತಂತೆ. ನನ್ನ ಹೆಸರು ಹೇಳಲಿಲ್ಲವಂತೆ, ಆ ಉಪಕಾರ ಮರೆಯುವುದಿಲ್ಲ. ಆ ಐಡಿಯಾ ನನ್ನದಲ್ಲ. ಹೆಸರಿಲ್ಲದ ಎಷ್ಟೋ ಹೆಂಗಸರು ಎದ್ದು ನಿಂತು ಮಾಡಿದ್ದು ಅದು. ಅವರಿಗೆ ಶಾಲು ಹೊದಿಸುವುದಾದರೆ ಇಡೀ ರೈಲಿಗೆ ಹೊದಿಸಬೇಕು.

ನಿನಗೆ ನೋವಾಯಿತು ಎಂದು ಬರೆದಿದ್ದೀ. ನನಗೂ ಆಗುತ್ತಿದೆ. ಬಾಯಿಗೆ ಬಂದ ಮಾತನ್ನು ಮಗಳ ಮುಂದೆ ನುಂಗಿಕೊಳ್ಳುವುದು ಸುಲಭ ಅಂದುಕೊಂಡೆಯಾ? ನೀನು ಕೆಟ್ಟವಳಲ್ಲ, ಅದು ನನಗೆ ಗೊತ್ತು. ಆದರೆ ನನ್ನ ಮಾತು ನಿನ್ನ ಕಿವಿಗೆ ಬಿದ್ದರೆ ಅದು ನಿನ್ನಲ್ಲಿ ನಿಲ್ಲುವುದಿಲ್ಲ, ಸರಕಾಗುತ್ತದೆ. ಬೇರೆಯವರು ನನ್ನ ಹತ್ತಿರ ಇಟ್ಟುಹೋದದ್ದನ್ನು ನಾನು ಇನ್ನು ನಿನ್ನ ಎದುರು ಬಿಚ್ಚುವುದಿಲ್ಲ. ಊಟ ಆಯ್ತಾ ಎಂದು ಕೇಳುತ್ತೇನೆ. ಅದು ನನ್ನದೇ ಮಾತು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ದಾನೇಶ್ವರಿಗೆ ಹೆರಿಗೆಯಾಯಿತು. ಆಸ್ಪತ್ರೆಯಿಂದ ಅವಳೇ ಫೋನ್ ಮಾಡಿ, "ಅಕ್ಕಾರ, ತವರಿಗೆ ಹೇಳಿದ ಮ್ಯಾಲ ನಿಮಗ ಹೇಳಾಕತ್ತೀನಿ. ನಿಮಗ ಅಷ್ಟ" ಎಂದಳು. ಓಡಿಹೋಗಿ ನೋಡಿ ಬಂದೆ. ಅವಳು ಮಗುವನ್ನು ನನ್ನ ಕೈಗೆ ಕೊಟ್ಟಳು. ಹೊರಗೆ ಬಂದವಳೇ ಖುಷಿ ತಡೆಯದೆ ಮೊದಲು ಒತ್ತಿದ್ದು ನಿನ್ನ ನಂಬರು. ರಿಂಗಾಗುವ ಮೊದಲೇ ಕತ್ತರಿಸಿ, ರಿಕ್ಷಾ ಸ್ಟ್ಯಾಂಡಿನಲ್ಲಿ ನಿಂತು ಅತ್ತೆ.

ತಾಯಿ, ಮಗು ಸುಖವಾಗಿದ್ದಾರೆ. ಇಷ್ಟನ್ನು ನಿನಗೆ ಬರೆಯಬಹುದೇ ಎಂದು ಅವಳನ್ನು ಕೇಳಿದೆ. ಅವಳು, ಇಷ್ಟಾದರೆ ಆಗಲಿ ಎಂದಳು.

ಗಂಡೋ ಹೆಣ್ಣೋ ನಾನು ಬರೆಯುವುದಿಲ್ಲ. ಕೇಳಬೇಡ.

ಅಮ್ಮ